ದೊಡ್ಡವ್ವನ ಗುಳಿಗೆಯ ಎಡೆ

ಇಷ್ಟಲಿಂಗಕ್ಕೆ ಥೈರಾಯ್ಡ್ ಗುಳಿಗೆಯನ್ನು ಎಡೆ ಹಿಡಿಯುವ ಹೆಂಗಸನ್ನು ನೀವು ನೋಡಿದ್ದೀರಾ? ನೋಡಿಲ್ಲವಾದರೆ ಪುಣ್ಯವಂತರು, ಹಾಗೇ ಸುಖವಾಗಿರಿ! ನೋಡಲೇಬೇಕೆಂಬ ಹಟವಿದ್ದರೆ ಬೆಳಿಗ್ಗೆ ರಂಗಂಪೇಟೆಯ ನಮ್ಮ ಮನೆಗೆ ಬನ್ನಿ. ನನ್ನ ತಾಯಿಯ ಅಕ್ಕ, ಅಂದರೆ ದೊಡ್ಡವ್ವ, ಪೂಜೆಗೆ ಕೂತಿರುತ್ತಾಳೆ. ನಾನು ಪಕ್ಕದಲ್ಲಿ ಹಲ್ಲು ಕಡಿಯುತ್ತಾ ನಿಂತಿರುತ್ತೇನೆ.

ಇವಳಿಗೆ ಥೈರಾಯ್ಡ್ ಒಂದೇ ಆಗಿದ್ದರೆ ಹೇಗೋ ಸುಧಾರಿಸುತ್ತಿದ್ದೆ. ಜೊತೆಗೆ ಎದೆಯುರಿ, ಹೊಟ್ಟೆಯುಬ್ಬರ, ಪಿತ್ತಕೋಶದಲ್ಲಿ ಕಲ್ಲು! ನೋವು ಎದ್ದ ದಿನ ನೆಲದ ಮೇಲೆ ಹೊರಳಾಡುತ್ತಾಳೆ, ಕಣ್ಣಿಂದ ನೋಡಲಾಗುವುದಿಲ್ಲ. ಯಾದಗಿರಿಯ ಡಾಕ್ಟರು ಸ್ಪಷ್ಟವಾಗಿಯೇ ಹೇಳಿದರು.

"ಆಪರೇಷನ್ ಮಾಡ್ಲೇಬೇಕ್ರಿ. ಆದ್ರ ಥೈರಾಯ್ಡ್ ಕಂಟ್ರೋಲಿಗೆ ಬರೂತನಕ ನಾ ಕೈ ಹಚ್ಚಂಗಿಲ್ಲ. ಮುಂಜಾನಿ ಖಾಲಿ ಹೊಟ್ಟಿಲೆ ಗುಳಿಗಿ ತಗೋರಿ, ಬರೇ ನೀರಿನ ಜೊತಿ. ಆಮ್ಯಾಲ ಒಂದ್ ತಾಸು ಚಹಾನೂ ಬ್ಯಾಡ."

"ಹೂನ್ರಿ" ಅಂದಳು ದೊಡ್ಡವ್ವ. ಅಷ್ಟು ಮೆತ್ತಗೆ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು!

ಪೂಜೆಗೆ ಮುಂಚೆ ಅವಳು ಬಾಯಿಗೆ ಹನಿ ನೀರೂ ಹಾಕುವವಳಲ್ಲ. ಸರಿ, ಹೊಟ್ಟೆ ಖಾಲಿಯೇ ಇರುತ್ತದಲ್ಲ ಎಂದು ನಾನು ಖುಷಿಪಟ್ಟೆ. ಆದರೆ ಲಿಂಗಕ್ಕೆ ತೋರಿಸದೆ ಏನನ್ನೂ ನುಂಗುವವಳೂ ಅಲ್ಲ.

"ಗುಳಿಗಿನೂ ತೋರ್ಸಿ ನುಂಗು, ಯಾರ್ ಬ್ಯಾಡ ಅಂದ್ರು?" ಎಂದೆ.

"ಅಯ್ಯ ನಮ್ಮವ್ವ! ಬರೇ ಗುಳಿಗಿ ಎಡಿ ಹಿಡೀಲೇನು? ದೇವ್ರು ಏನ್ ರೋಗಿಷ್ಟ ಏನು?"

ಹಾಗಾಗಿ ತಟ್ಟೆಯಲ್ಲಿ ಹಾಲು, ಸಕ್ಕರೆ, ಬಾಳೆಹಣ್ಣು. ನಡುವೆ ಗುಳಿಗೆ ವಿರಾಜಮಾನ! ಪ್ರಸಾದವಾದ ಮೇಲೆ ಬೇರೆ ಮಾಡಬಾರದಂತೆ, ಎಲ್ಲವೂ ಒಟ್ಟಿಗೇ ಹೊಟ್ಟೆಗೆ. ಗುಳಿಗೆ ಉಷ್ಣವೆಂದು ಅದರ ಬೆನ್ನಿಗೇ ಗ್ಯಾಸಿನ ಗುಲಾಬಿ ಬಣ್ಣದ ಔಷಧ. ಇಷ್ಟರ ನಡುವೆ ಆ ಬಡ ಗುಳಿಗೆ ಏನು ಮಾಡಬೇಕು ಹೇಳಿ!

ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ಇಳಿದಿರಲಿಲ್ಲ. "ಅವ್ರು ಬ್ಯಾರೇವ್ರ ರಕ್ತ ನೋಡ್ಯಾರ" ಎಂದು ತೀರ್ಪು ಕೊಟ್ಟಳು. ವಾಪಸು ಬರುವಾಗ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ನಾನು ನೀರು ತರುವಷ್ಟರಲ್ಲಿ ಅವಳ ಕೈಯಲ್ಲಿ ಬಿಸಿ ಮಿರ್ಚಿ ಬಜ್ಜಿ! ಹೊಟ್ಟೆಯಲ್ಲಿ ಕಲ್ಲು, ಕೈಯಲ್ಲಿ ಮಿರ್ಚಿ!

"ಇದನ್ನ ಲಿಂಗಕ್ಕ ತೋರ್ಸೋದಿಲ್ಲೇನು?"

"ಕೊರಳಾಗೇ ಅದಾನಲ್ಲ, ಅವಂಗೇನ್ ಕಾಣ್ಸಂಗಿಲ್ಲೇನು?"

"ಹಂಗಾದ್ರ ಗುಳಿಗಿನೂ ಹಂಗೇ ನುಂಗು!"

ಅವಳು ಇನ್ನೊಂದು ಮಿರ್ಚಿ ಬಾಯಿಗಿಟ್ಟುಕೊಂಡಳು. ಕೊನೆಗೆ ಪೂಜೆ-ಪುನಸ್ಕಾರಕ್ಕೆ ಮನೆಗೆ ಬರುವ ಜಂಗಮ ಅಯ್ಯನವರ ಕೈಕಾಲು ಹಿಡಿದೆ. "ತಂಗಿ, ಔಷಧಕ್ಕ ನೀರಿನ ಎಡಿ ಸಾಕವ್ವ" ಎಂದು ಅವರೇ ಅವಳಿಗೆ ಹೇಳಿದರು. ದೊಡ್ಡವ್ವ ಅವರ ಪಾದಕ್ಕೆ ಹಣೆ ಹಚ್ಚಿದಳು. ಮರುದಿನ ಮತ್ತೆ ಹಾಲು!

ನನ್ನ ತಲೆ ಕೆಟ್ಟೇ ಹೋಯಿತು. ತಟ್ಟೆ ಕಸಿದುಕೊಂಡು ಕಿರುಚಿದೆ: "ನಿನಗ ಸಾಯ್ಬೇಕಂತ ಅದ ಏನು?"

"ಸಾಯಬಾರ್ದಂತನೇ ಹಾಲು ಕುಡ್ಯಾಕತ್ತೀನಿ" ಅಂದಳು.

ಅವಳ ಧ್ವನಿಯಲ್ಲಿ ಜಗಳವೇ ಇರಲಿಲ್ಲ. "ಹಾಲು ಬಿಟ್ರ ಥೈರಾಯ್ಡ್ ಇಳೀತದ, ಇಳದ್ರ ಆಪರೇಷನ್ನಿಗೆ ಒಳಗ ಒಯ್ತಾರ. ನಿಮ್ಮವ್ವನೂ ಹಂಗೇ ನಕ್ಕೋತ ಒಳಗ ಹೋದಾಕಿ, ತಿರುಗಿ ಬರ್ಲಿಲ್ಲ. ನೀ ಆಗ ನನ್ನ ತೊಡಿ ಮ್ಯಾಲ ಮಲ್ಕೊಂಡಿದ್ದಿ. ನಾನೂ ಹಂಗ ಹೋದ್ರ ನಿನಗ ಯಾರದಾರ?"

ನನ್ನ ತಲೆಯಲ್ಲೂ ಬಿಳಿ ಕೂದಲು ಬಂದಿವೆ. ಇವಳ ಲೆಕ್ಕದಲ್ಲಿ ನಾನಿನ್ನೂ ತೊಡೆಯ ಮೇಲಿದ್ದೆ! ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅವಳ ಪಕ್ಕದಲ್ಲಿ ಕೂತೆ, ಇಬ್ಬರೂ ಮನಸಾರೆ ಅತ್ತೆವು.

ಮರುದಿನ ತಟ್ಟೆಯಲ್ಲಿ ಗುಳಿಗೆ ಮತ್ತು ನೀರು ಮಾತ್ರ ಇದ್ದವು. "ಆಪರೇಷನ್ ಮುಗ್ಯೂತನಕ ಬಾಗಲದಾಗೇ ನಿಂದ್ರಬೇಕು. ಚಹಾ ಕುಡ್ಯಾಕಂತ ಹೋದ್ರ ಕಾಲ್ ಮುರೀತೀನಿ" ಎಂದು ಅಪ್ಪಣೆಯಾಯಿತು.

ಥೈರಾಯ್ಡ್ ಇಳಿಯಿತು. ಆಪರೇಷನ್ ದಿನ ನಾನು ಬಾಗಿಲು ಬಿಟ್ಟು ಅಲ್ಲಾಡಲಿಲ್ಲ. ಸ್ಟ್ರೆಚರ್ ಹೊರಗೆ ಬಂದಾಗ ದೊಡ್ಡವ್ವ ಅರೆಗಣ್ಣು ತೆರೆದು ನನ್ನನ್ನೇ ನೋಡಿದಳು.

"ಚಹಾ ಕುಡದ್ಯಾ?"

"ಇಲ್ಲ ದೊಡ್ಡವ್ವ, ಇಲ್ಲೇ ನಿಂತೀನಿ."

"ಹೋಗಿ ಕುಡ್ಯವ್ವ, ಮಾರಿ ಎಷ್ಟ್ ಒಣಗ್ಯಾದ ನೋಡು. ನಾ ಬಂದೀನಿ" ಅಂದಳು.