ಕೆಂಪು ದಾರದ ತೆನೆ

ಸುಮ್ಮನೆ ಕೂರುವುದೂ ಒಂದು ವಿದ್ಯೆ. ಅದು ನನಗೆ ಒಲಿಯಲೇ ಇಲ್ಲ. ಒಲೆಯ ಮೇಲೆ ಅನ್ನಕ್ಕಿಟ್ಟರೆ ಬೇಯುವುದರೊಳಗೆ ಹತ್ತು ಸಲ ಮುಚ್ಚಳ ತೆಗೆದು ನೋಡುತ್ತೇನೆ. ಬಸ್ಸು ತಡವಾದರೆ ರಸ್ತೆಯ ನಡುವೆ ಹೋಗಿ ಕತ್ತು ಚಾಚುತ್ತೇನೆ, ಹಾಗೆ ಮಾಡಿದರೆ ಬೇಗ ಬಂದೀತು ಎಂಬಂತೆ. "ಎರಡ ನಿಮಿಷ ಒಂದ ಕಡೆ ಕುಂದರ್ರಿ, ನಿಮ್ಮನ್ನ ನೋಡಿ ನನಗ ತಲಿ ತಿರಗತೈತಿ" ಎನ್ನುವುದು ನನ್ನ ಹೆಂಡತಿ ಗಿರಿಜಾಳ ನಿತ್ಯದ ಮಂತ್ರ. ಇಂಥವನಿಗೆ ದೇವರು ಕೊಟ್ಟ ಉದ್ಯೋಗವೆಂದರೆ ಜೋಳದ ಕಾಳು ಬಲಿಯುವುದನ್ನು ಕಾಯುವುದು!

ಧಾರವಾಡದ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಬಲಿಯುವ ಕಾಳಿನೊಳಗೆ ಯಾವ ಜೀನು ಯಾವಾಗ ಎಚ್ಚರಾಗುತ್ತದೆ, ಯಾವಾಗ ಮಲಗುತ್ತದೆ ಎಂದು ನೋಡಬೇಕು. ಕಾಳಿನ ಒಂದೊಂದು ಜೀವಕೋಶದಲ್ಲೂ ಎಲ್ಲ ಜೀನುಗಳೂ ಇರುತ್ತವೆ, ಮದುವೆಮನೆಯಲ್ಲಿ ಅಡುಗೆಯವರು, ಬಾಜಾದವರು, ಅಯ್ಯನವರು ಎಲ್ಲರೂ ಇರುವಂತೆ. ಎಲ್ಲರೂ ಒಮ್ಮೆಲೇ ಶುರುಮಾಡಿದರೆ ಮದುವೆ ಕೆಟ್ಟಂತೆಯೇ. ಮೊದಲು ಕಾಳಿನ ಮೈ ಬೆಳೆಸುವ ಜೀನುಗಳ ಸರದಿ, ಆಮೇಲೆ ಹಿಟ್ಟು ತುಂಬುವವುಗಳದ್ದು, ಕೊನೆಗೆ "ಈಗಲೇ ಮೊಳೆಯಬೇಡ, ಸುಮ್ಮನಿರು" ಎಂದು ಗದರಿಸುವವುಗಳದ್ದು. ಯಾರನ್ನು ಯಾವಾಗ ಎಬ್ಬಿಸಬೇಕೆಂದು ನೋಡಿಕೊಳ್ಳುವ ಯಜಮಾನ ಜೀನುಗಳೂ ಉಂಟು. ಆ ಗದರಿಸುವ ಜೀನು ನನ್ನಲ್ಲಿ ಇಲ್ಲವೇ ಇಲ್ಲ ಎಂಬುದು ಗಿರಿಜಾಳ ಸಂಶೋಧನೆ.

ನಮಗೆ ಬೇಕಾದ ಹಳೆಯ ತಳಿಯ ಜೋಳ ಸಿಕ್ಕಿದ್ದು ಕುಬಿಹಾಳದಲ್ಲಿ, ನನ್ನ ಮಾವನ ಹೊಲದಲ್ಲೇ. ಒಂದೇ ದಿನ ಹೂ ಬಿಟ್ಟ ತೆನೆಗಳನ್ನು ಹುಡುಕಿ ಕೆಂಪು ದಾರ ಕಟ್ಟಿದೆ. ಕಾಳಿನಲ್ಲಿ ಹಾಲು ತುಂಬಿ, ಅದು ಗಟ್ಟಿಯಾಗತೊಡಗುವ ಹೊತ್ತಿಗೆ ಅವನ್ನು ಮುರಿದು, ಆ ಗಳಿಗೆಯಲ್ಲೇ ಹೆಪ್ಪುಗಟ್ಟಿಸಬೇಕು. ಇಲ್ಲದಿದ್ದರೆ ಯಾವ ಜೀನು ಏನು ಮಾಡುತ್ತಿತ್ತೆಂಬ ಸುಳಿವೇ ಅಳಿಸಿಹೋಗುತ್ತದೆ. ಮತ್ತೆ ಮುಂದಿನ ಹಿಂಗಾರಿಯವರೆಗೆ ಕಾಯಬೇಕು. ಕಾಯುವುದು, ಅದೂ ನಾನು! "ಈ ತೆನಿ ನನಗ ಬೇಕ್ರಿ" ಎಂದು ಅತ್ತೆ-ಮಾವನಿಗೆ ಹೇಳಿದ್ದೆ. ಏಕೆ ಬೇಕೆಂದು ಹೇಳುವಷ್ಟು ಹೊತ್ತು ನಾನು ಅಲ್ಲಿ ನಿಂತಿರಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಅತ್ತೆಗೆ ಫೋನು. "ಹಾಲುಗಾಳು ಆತೇನ್ರಿ? ಕೆಂಪ ದಾರದ್ವು ಹೆಂಗದಾವ್ರಿ? ಹಕ್ಕಿ ಹೊಡೀರಿ ಮತ್ತ!" ರವಿವಾರ ಬಂತೆಂದರೆ ನಾನೇ ಬಸ್ಸು ಹಿಡಿದು ಹೋಗುತ್ತಿದ್ದೆ. ಬದುವಿನ ಪಕ್ಕದ ಕೆಂಪು ದಾರದ ತೆನೆಯೊಂದು ಕೈಗೆ ಸುಲಭವಾಗಿ ಸಿಗುತ್ತಿತ್ತು. ಅದರ ಕಾಳುಗಳನ್ನು ಉಗುರಿನಿಂದ ಚಿವುಟಿ, ಹಾಲು ಬಂತೇ ಎಂದು ನೋಡುವುದು. ಬರಲಿಲ್ಲವೆಂದರೆ ಇನ್ನೊಂದು ಕಾಳು, ಅದರ ಪಕ್ಕದ್ದು ಇನ್ನೊಂದು. "ತನ್ನ ಹೊತ್ತಿಗೆ ತಾ ಬಲೀತೈತ್ರಿ ಅಳ್ಯಾರ, ಅವಸರ ಯಾಕ?" ಎಂದು ಮಾವ ನಗುತ್ತಿದ್ದರು. ಆ ನಗುವಿನ ಅರ್ಥ ಆಗ ನನಗೆ ತಿಳಿಯಲಿಲ್ಲ.

ಕಡೆಗೊಂದು ದಿನ ಅತ್ತೆಯೇ ಫೋನು ಮಾಡಿ, "ನಾಳೆ ಬಂದಬಿಡ್ರಿ, ತೆನಿ ಅಗದಿ ಹದಕ್ಕ ಬಂದಾವು" ಎಂದರು. ನಾನು, ಗಿರಿಜಾ, ಹೆಪ್ಪುಗಟ್ಟಿಸುವ ಕ್ಯಾನು, ಮೂವರೂ ಕಾರಿನಲ್ಲಿ ಹೊರಟೆವು. ಹೊಲದಲ್ಲಿ ನಮಗಾಗಿ ಕಂಬಳಿ ಹಾಸಿತ್ತು. ಎಳೆ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಉಜ್ಜಿ, ತೂರಿದ ಸೀತನಿ ಮೊರದಲ್ಲಿ ಹಸಿರಾಗಿ ಹೊಗೆಯಾಡುತ್ತಿತ್ತು. ಬಾಜೂಕ್ಕೆ ಗುರೆಳ್ಳಿನ ಚಟ್ನಿ, ಬೆಲ್ಲ. ಕೆಲಸ ಆಮೇಲಾಯಿತು ಎಂದು ಮುಕ್ಕತೊಡಗಿದೆ. "ಇಂಥಾ ಸೀತನಿ ನಾ ಜನ್ಮದಾಗ ತಿಂದಿಲ್ರಿ ಅತ್ತಿ!" ಎಂದೆ, ಮನಸಾರೆ.

ಅತ್ತೆಯ ಮುಖ ಅರಳಿತು. "ರುಚಿ ಇರಲಾರದ ಏನ್ರಿ? ನೀವ ಆರಿಸಿ ಕೆಂಪ ದಾರ ಕಟ್ಟಿದ್ವು! ದಿನಾ ಫೋನ್ ಮಾಡಿ ಕೇಳೂದ ನೋಡಿ, ಪಾಪ, ಅಳ್ಯಾರಿಗೆ ಸೀತನಿ ಆಸಿ ಭಾಳ ಐತಿ ಅಂದ್ವಿ. ಮತ್ತೊಬ್ರಿಗೆ ಒಂದೂ ಮುಟ್ಟಗೊಟ್ಟಿಲ್ರಿ."

ಬಾಯಿಗಿಟ್ಟ ತುತ್ತು ಬಾಯಲ್ಲೇ ನಿಂತಿತು. ಒಂದು ಹಂಗಾಮಿನ ಸಂಶೋಧನೆಯನ್ನು ಬೆಲ್ಲದ ಜೊತೆ ನಾನೇ ಅಗಿದು ನುಂಗಿದ್ದೆ. ಅಳು ಬಂತು, ಸಿಟ್ಟೂ ಬಂತು. ಆದರೆ ಅಷ್ಟು ಅಕ್ಕರೆಯಿಂದ ನೋಡುತ್ತಿರುವ ಮುಖದ ಮೇಲೆ ಸಿಟ್ಟು ಮಾಡುವುದು ಹೇಗೆ? ಹೇಗೋ ನುಂಗಿಕೊಂಡು, "ಒಂದೂ ಉಳದಿಲ್ಲೇನ್ರಿ?" ಎಂದೆ.

"ಒಂದ ಬಿಟ್ಟೇನ್ರಿ, ಬದುವಿನ ಬಾಜೂದ್ದು."

ತಟ್ಟನೆ ಎದ್ದು ಕ್ಯಾನಿಗೆ ಕೈ ಹಾಕಿದೆ.

"ಎಲ್ಲಿ ಹೊಂಟ್ರಿ? ಅದರಾಗ ಏನೂ ಇಲ್ಲ. ಯಾವದೋ ಹಾಳಾದ ಹಕ್ಕಿ ಬಿಡಲಾರದ ಒಂದೊಂದ ಕಾಳೂ ಕುಕ್ಕಿ ಇಟ್ಟೈತಿ."

ಗಿರಿಜಾ ನನ್ನ ಹೆಬ್ಬೆರಳಿನ ಉಗುರನ್ನಷ್ಟೇ ನೋಡಿದಳು. ನಾನು ಆ ಕೈಯನ್ನು ಕಂಬಳಿಯ ಕೆಳಗೆ ಸೇರಿಸಿ ಸುಮ್ಮನೆ ಕೂತೆ.