ತಿಯೊಡುಲ್ ಮೇಲಕ್ಕೆ ಹೋದ ಭಾನುವಾರ

ಎಲ್ಲಕ್ಕೂ ಕಾರಣ ಪಕ್ಕದ ಮನೆಯ ಕ್ರೆಸೆನ್ಸಿಯಾ. ಶನಿವಾರ ತಿಯೊಡುಲ್ ಅಂಗಡಿಗೆ ಬ್ರೆಡ್ ಕೊಳ್ಳಲು ಬಂದವಳು ಕೌಂಟರಿಗೆ ಮೊಣಕೈ ಊರಿ, "ಸ್ಕೂಲಿನ ಹೊಸ ಟೀಚರ್ ಒಡಿಲಿಯಾ ಚಿಕ್ಕಂದಿನಲ್ಲೇ ಸ್ಕೀ ಪಂದ್ಯ ಗೆದ್ದೋಳಂತೆ. ನಾಳೆ ನೀನು ಅವಳನ್ನ ಮೇಲಕ್ಕೆ ಕರ್ಕೊಂಡು ಹೋಗ್ತೀಯ ಅಂತ ಹೇಳಿಬಿಟ್ಟಿದ್ದೀನಿ" ಅಂದಳು.

ಬೇಕರಿ ತಿಯೊಡುಲ್ ಐವತ್ತಕ್ಕೆ ಹತ್ತಿರವಾದ ಬ್ರಹ್ಮಚಾರಿ. ಒಡಿಲಿಯಾ ಅಂಗಡಿಗೆ ಬಂದರೆ ಚಿಲ್ಲರೆ ಎಣಿಸಲೂ ಮರೆಯುತ್ತಿದ್ದ. ಆದರೆ ಅವನಿಗೆ ಕಾಲಿಗೆ ಹಲಗೆ ಕಟ್ಟಿ ಹಿಮದ ಮೇಲೆ ಜಾರುವ ಈ ಸ್ಕೀ ಬರುತ್ತಿರಲಿಲ್ಲ. ಆಲ್ಪ್ಸ್‌ನ ಮಡಿಲಲ್ಲಿದ್ದ ಆ ಹಳ್ಳಿಯಲ್ಲಿ ಸ್ಕೀ ಬರುತ್ತಾ ಅಂತ ಕೇಳುವುದೆಂದರೆ ಉಸಿರಾಡಲು ಬರುತ್ತಾ ಅಂತ ಕೇಳಿದಂತೆ. ಹಾಗಾಗಿ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಭಾನುವಾರ, ಸತ್ತ ಅಣ್ಣನ ಸ್ಕೀ ಹಲಗೆಗಳನ್ನು ಹೆಗಲಿಗೇರಿಸಿಕೊಂಡು ಒಡಿಲಿಯಾ ಜೊತೆ ಕೇಬಲ್ ಕಾರ್ ಹತ್ತಿದ. ಒಡಿಲಿಯಾಳ ಹಲಗೆಗಳ ತುಂಬ ಗೀರುಗಳಿದ್ದವು. ಎಷ್ಟು ಇಳಿಜಾರು ಕಂಡವೋ ಅಂದುಕೊಂಡು ಅವನು ತನ್ನ ಹಲಗೆಗಳನ್ನು ಬೆನ್ನ ಹಿಂದೆ ಸರಿಸಿಕೊಂಡ.

ಇಬ್ಬರೂ ತುದಿಯಲ್ಲಿ ಇಳಿದರು. ಕಾಲ ಕೆಳಗೆ ಮೋಡಗಳ ಕಡಲು. ಅದನ್ನು ಸೀಳಿಕೊಂಡು ಶಿಖರದ ಹಿಂದೆ ಶಿಖರ, ಕಣ್ಣು ಸೋಲುವವರೆಗೂ. ಹಿಮನದಿಯ ಬಿರುಕುಗಳಲ್ಲಿ ಹಸಿರುನೀಲಿ ಬೆಳಕು. ಹುಟ್ಟಿದ ಊರಿನ ನೆತ್ತಿಯ ಮೇಲೆ ಇಷ್ಟೆಲ್ಲ ಇತ್ತೇ ಎಂದು ತಿಯೊಡುಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದ.

ಹೊರಡೋಣವೇ ಅಂತ ಅವಳು ಕೇಳಲಿಲ್ಲ, ಅವನೂ ಕೇಳಲಿಲ್ಲ. ಅಲ್ಲಿನ ಹೋಟೆಲಿನಲ್ಲಿ ಬಿಸಿ ಸೂಪು ಕುಡಿದರು, ಚೀಸು ತಿಂದರು, ಮತ್ತೆ ಸೂಪು ಕುಡಿದರು. ಅಷ್ಟರಲ್ಲಿ ಗಾಳಿ ಎದ್ದಿತು. ಕೇಬಲ್ ಕಾರ್ ಇನ್ನು ಓಡುವುದಿಲ್ಲ, ಎಲ್ಲರೂ ಸ್ಕೀ ಮಾಡಿಕೊಂಡೇ ಇಳಿಯಬೇಕು ಎಂಬ ಘೋಷಣೆ ಬಂತು.

ತಿಯೊಡುಲ್ ಸೂಪಿನ ಬಟ್ಟಲು ಕೆಳಗಿಟ್ಟ. "ಒಡಿಲಿಯಾ ಅವರೇ, ನನಗೆ ಸ್ಕೀ ಬರಲ್ಲ."

ಅವಳು ಅವನನ್ನೇ ದಿಟ್ಟಿಸಿದಳು. "ನನಗೂ ಬರಲ್ಲ. ಈ ಹಲಗೆ ಕ್ರೆಸೆನ್ಸಿಯಾ ಅವರದು. ಸ್ಕೀ ಬರದೋಳ ಜೊತೆ ನೀವು ಮಾತೇ ಆಡಲ್ಲ ಅಂದಿದ್ರು."

ರಕ್ಷಣಾ ದಳದವರು ಕಾಲು ಮುರಿದವರನ್ನು ಇಳಿಸುವ ಜಾರುಬಂಡಿ ತಂದು, ಇಬ್ಬರನ್ನೂ ಒಂದೇ ಕಂಬಳಿಯಲ್ಲಿ ಸುತ್ತಿ ಬಿಗಿದು ಕಟ್ಟಿದರು. ಕೆಳಗೆ ಅರ್ಧ ಊರು ಕಾದಿತ್ತು. ಎಲ್ಲರೂ ನಕ್ಕರು. ತಿಯೊಡುಲ್‌ಗೆ ಮಾತ್ರ ಹಾಯೆನಿಸಿತು. ಗುಟ್ಟು ಹೋಯಿತು, ಪಕ್ಕದಲ್ಲಿ ಒಡಿಲಿಯಾ ಇದ್ದಾಳೆ. ಇನ್ನು ಜೀವಮಾನದಲ್ಲಿ ಆ ಹಲಗೆ ಮುಟ್ಟಬೇಕಿಲ್ಲ.

ಆದರೆ ಇಳಿಯುವ ದಾರಿಯುದ್ದಕ್ಕೂ ಅವನು ಕಣ್ಣು ಮುಚ್ಚಿದ್ದ, ಅವಳು ತೆರೆದಿದ್ದಳು. ಹಿಮದ ಮೇಲೆ ಹಾರಿದಂತೆ ಇಳಿದ ಬೆರಗು ಅವಳ ಮುಖದಿಂದ ಇನ್ನೂ ಇಳಿದಿರಲಿಲ್ಲ. "ನಾಳೆಯಿಂದಲೇ ಕಲಿಯೋಣ" ಅಂದಳು. ಅವನು ಹೂಂ ಅಂದ.

ವಾರ ಕಳೆಯುವುದರೊಳಗೆ ಒಡಿಲಿಯಾ ಮಕ್ಕಳು ಸ್ಕೀ ಕಲಿಯುವ ಬೇಲಿಯೊಳಗಿನ ಪುಟ್ಟ ದಿಬ್ಬ ಬಿಟ್ಟು, ತರಬೇತುದಾರನ ಜೊತೆ ದೊಡ್ಡ ಇಳಿಜಾರಿಗೆ ಹೋದಳು. ತಿಯೊಡುಲ್ ಮಕ್ಕಳ ಸಾಲಿನ ಕೊನೆಯಲ್ಲಿ ನಿಂತು, ಆ ಬೆಳ್ಳಗಿನ ಅಗಾಧದಲ್ಲಿ ನಗುತ್ತಾ ಇಳಿಯುತ್ತಿದ್ದ ಒಡಿಲಿಯಾಳ ಕೆಂಪು ಕೋಟಿನ ಚುಕ್ಕೆಯನ್ನು ಬಾಯಿ ತೆರೆದು ನೋಡುತ್ತಿದ್ದ.

ಮಕ್ಕಳಿಗೆ ಸ್ಕೀ ಕಲಿಸಲು ಹೊಸದಾಗಿ ಬಂದ ಹುಡುಗಿ ಅವನ ಭುಜ ತಟ್ಟಿ, "ತಾತ, ನಿಮ್ಮ ಮೊಮ್ಮಗು ಯಾವುದು?" ಅಂತ ಕೇಳಿದಳು.