ಪೇಶಕಾರರ ನಳಿಗೆ ತೆಗೆದ ದಿನ

ಮನುಷ್ಯನಿಗೆ ಬಚ್ಚಲಿನಲ್ಲಾದರೂ ಏಕಾಂತ ಬೇಡವೇ? ನಿವೃತ್ತ ಪೇಶಕಾರ ದತ್ತಪ್ಪನವರ ದೂರು ಇದೊಂದೇ. ಒಳಗೆ ಅವರು, ಬಾಗಿಲಾಚೆ ಕಿವಿಯಾನಿಸಿ ಹೆಂಡತಿ ಗುಂಡಮ್ಮ, ಅವರ ಬೆನ್ನಿಗೆ ಕಮಲಾಪುರದಿಂದ ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತು ಬಂದ ಅಕ್ಕ ಬಂಡೆಮ್ಮ.

"ಬಂತೇನ್ರೀ?"

ಬರಲಿದ್ದದ್ದೂ ಆ ದನಿಗೆ ಹೆದರಿ ಹಿಂದಕ್ಕೆ ಹೋಯಿತು.

ತಿಂಗಳ ಹಿಂದೆ ಹೈದರಾಬಾದಿನ ಡಾಕ್ಟರು ದತ್ತಪ್ಪನವರ ಮೂತ್ರಕೋಶದ ಬುಡದ ಗ್ರಂಥಿಯನ್ನು ಅದರೊಳಗಿನ ಕ್ಯಾನ್ಸರ್ ಗಡ್ಡೆಯ ಸಮೇತ ಕೊಯ್ದು ತೆಗೆದು, ಒಂದು ಭರವಸೆ ಮತ್ತು ಮೂತ್ರ ಹರಿಯಲು ಒಂದು ರಬ್ಬರ್ ನಳಿಗೆ ಕೊಟ್ಟು ಕಲಬುರಗಿಗೆ ಕಳಿಸಿದ್ದರು. (ಗೆಳೆಯರಿಗೆಲ್ಲ ದತ್ತಪ್ಪನವರು ಹೇಳಿದ್ದು 'ಹರ್ನಿಯಾ' ಎಂದು. ಅದು ಮರ್ಯಾದಸ್ಥರ ರೋಗ.) ಈ ಬೆಳಿಗ್ಗೆ ಕಂಪೌಂಡರ್ ಜಹೀರುದ್ದೀನ್ ಬಂದು ನಳಿಗೆ ತೆಗೆದು ಹುಕುಂ ಹೊರಡಿಸಿದ್ದ: "ಸಂಜಿ ಒಳಗ ತಾನಾಗೇ ಆದ್ರ ಚಲೋ. ಇಲ್ಲಾಂದ್ರ ಸಂಜಿ ರೈಲಿಗಿ ಹೈದರಾಬಾದಿಗಿ ನಡೀರಿ. ಮತ್ತ ನಳಿಗಿ ಹಾಕ್ಬೇಕಾಗ್ತದ."

ಮತ್ತೆ ನಳಿಗೆ! ಮೂವತ್ತು ವರ್ಷ ಕಚೇರಿಯಲ್ಲಿ ಇನ್ನೊಬ್ಬರ ಕಾಗದ ಪೇಶ್ ಮಾಡಿದ ಪೇಶಕಾರರಿಗೆ ಈಗ ತಮ್ಮ ಪೇಶಾಬನ್ನೇ ಪೇಶ್ ಮಾಡುವ ಸರದಿ. ಎರಡು ವರ್ಷದ ಹಿಂದೆ ನಿಜಾಮರ ಸರಕಾರ ಇಳಿಸಲು ಅಷ್ಟು ದೊಡ್ಡ ಫೌಜಿಗೇ ಐದು ದಿನ ಹಿಡಿದಿತ್ತು; ಇವರಿಗೆ ಮಾತ್ರ ಒಂದೇ ಹಗಲು!

"ತಮ್ಮಾ, ಇನ್ನೊಂದ್ ಬಾಳಿಹಣ್ಣು ತಿನ್ನು," ಎಂದರು ಬಂಡೆಮ್ಮ.

"ಅಕ್ಕಾ, ಅದು ಬ್ಯಾರೆ ದಾರಿ!"

ನಾಲ್ಕಕ್ಕೆ ಸ್ಟೇಷನ್ನಿಗೆ ಒಯ್ಯಲು ನಬಿಸಾಬನ ಟಾಂಗಾ ಬಂದು ನಿಂತಿತು. ನಬಿಸಾಬನೂ ಕುತೂಹಲಕ್ಕೆ ಒಳಗೆ ಇಣುಕಿದ. "ಪೇಶ್ಕಾರ್ ಸಾಬ್, ಕುದುರಿಗಿ ನಾವು ಸೀಟಿ ಹಾಕ್ತೀವ್ರಿ. ಒಂದ್ ಹಾಕ್ಲೇನು?" ಅಪ್ಪಣೆಗೆ ಕಾಯದೆ ಸಣ್ಣಗೆ, ಉದ್ದಕ್ಕೆ ಸೀಟಿ ಹಾಕಿದ. ಬಾಗಿಲಲ್ಲಿ ಕುದುರೆ ಧಾರಾಳವಾಗಿ ಕರ್ತವ್ಯ ಪಾಲಿಸಿತು. ದತ್ತಪ್ಪನವರಿಗೆ ಜನ್ಮದಲ್ಲಿ ಮೊದಲ ಸಲ ಕುದುರೆಯ ಮೇಲೆ ಹೊಟ್ಟೆಕಿಚ್ಚಾಯಿತು.

ಐದಾಯಿತು. ಹತಾಶರಾದ ಪೇಶಕಾರರು ತಂಬಿಗೆ ಎತ್ತಿ ಬಚ್ಚಲ ಕಲ್ಲಿನ ಮೇಲೆ ಮೆಲ್ಲಗೆ ನೀರು ಸುರಿದರು. ಹೊರಗೆ ಜಯಘೋಷ! ಬಂಡೆಮ್ಮ ಸಕ್ಕರೆ ಹಂಚಲು ಓಡಿದರು. ಗೆದ್ದ ದೊರೆಯಂತೆ ದತ್ತಪ್ಪನವರು ಹೊರಬಂದರು.

ಗುಂಡಮ್ಮ ಒಳಗೆ ಹೋಗಿ ತಂಬಿಗೆ ನೋಡಿದರು. ಬಂದು ಗಂಡನ ಕೈ ಮುಟ್ಟಿ ನೋಡಿದರು.

"ತಂಬಿಗಿ ಖಾಲಿ, ಕೈ ಒಣ. ಯಾರಿಗಿ ಮಂಗ್ಯಾ ಮಾಡಾಕತ್ತೀರಿ? ಹತ್ರಿ ಟಾಂಗಾ!"

ಹತ್ತಿ ಮುಂದೆ ನಬಿಸಾಬನ ಪಕ್ಕ ಕೂತರು. ಹೊಟ್ಟೆ ಬಿಗಿದು ನಗಾರಿಯಾಗಿತ್ತು. ಹಿಂದೆ ಕೂತ ಹೆಂಗಸರಿಬ್ಬರಿಗೂ ಬೇರೆ ಜಗಳ ಸಿಕ್ಕಿತು: ಬುಟ್ಟಿಯ ಹಣ್ಣನ್ನು ಹೈದರಾಬಾದಿಗೆ ಒಯ್ಯಬೇಕೋ ಬೇಡವೋ. ಬೆಳಗಿನಿಂದ ಮೊದಲ ಸಲ ದತ್ತಪ್ಪನವರನ್ನು ಯಾರೂ ಏನೂ ಕೇಳಲಿಲ್ಲ.

ರೈಲ್ವೆ ಗೇಟು ಹಾಕಿತ್ತು. ಟಾಂಗಾ ನಿಂತಿತು. ನಬಿಸಾಬ ಅಭ್ಯಾಸಬಲದಿಂದ ಸೀಟಿ ಹಾಕಿದ.

ಕುದುರೆ ಸುಮ್ಮನಿತ್ತು.

"ಯಾ ಅಲ್ಲಾ, ನನ್ನ ಹೊಸಾ ಗಾದಿ!" ಎಂದು ನಬಿಸಾಬ ಚೀರಿದ. ಮರುಕ್ಷಣ ಅರ್ಥವಾಗಿ, ಟಾಂಗಾದ ಮೇಲೆ ಎದ್ದು ನಿಂತು ಗೇಟಿನಲ್ಲಿ ನೆರೆದ ಇಡೀ ಊರಿಗೆ ಸಾರಿದ: "ಆಯ್ತ್ರೀ! ಪೇಶ್ಕಾರ್ ಸಾಬರದು ಆಯ್ತು! ತಾನಾಗೇ ಆಯ್ತು!" ಜನ ಚಪ್ಪಾಳೆ ತಟ್ಟಿದರು. ಹರ್ನಿಯಾ ಅಲ್ಲೇ ಗೇಟಿನಲ್ಲಿ ತೀರಿಕೊಂಡಿತು. ಗುಂಡಮ್ಮ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, "ಟಾಂಗಾ ಮನಿಗಿ ತಿರುಗ್ಸೋ ನಬಿಸಾಬ," ಎಂದರು.

ಬಂಡೆಮ್ಮ ಊರಿಗೆ ಮರಳಿ ಬಾಯಿ ಕಟ್ಟಿಕೊಂಡಿರುವವರಲ್ಲ. ಮೂರನೆಯ ದಿನ ಅದೇ ತೊಂದರೆಯ ಕಮಲಾಪುರದ ಇಬ್ಬರು ಮುದುಕರು ಬಂದು ಕಟ್ಟೆಯ ಮೇಲೆ ಕೂತರು. ದತ್ತಪ್ಪನವರು ಗಂಭೀರವಾಗಿ ಹೈದರಾಬಾದಿನ ಡಾಕ್ಟರ ವಿಳಾಸ ಬರೆಯತೊಡಗಿದರು.

"ಡಾಕ್ಟರ್ ಬ್ಯಾಡ್ರೀ," ಎಂದ ಹಿರಿಯ ಮುದುಕ. "ಆ ಸೀಟಿ ಹಾಕವ ಎಲ್ಲಿ ಸಿಗ್ತಾನ?"

ಟಾಂಗಾ ನಿಲ್ಲಿಸಿಕೊಂಡು ಬಾಗಿಲಲ್ಲೇ ಇದ್ದ ನಬಿಸಾಬ ಎದೆಯುಬ್ಬಿಸಿ ಸಣ್ಣಗೆ, ಉದ್ದಕ್ಕೆ ಸೀಟಿ ಹಾಕಿ ತೋರಿಸಿದ. ದತ್ತಪ್ಪನವರು ಲೇಖನಿ ಬಿಸಾಕಿ, ಧೋತರ ಹಿಡಿದುಕೊಂಡು ಬಚ್ಚಲಿಗೆ ಓಡಿದರು.

ಮುದುಕರು ಕುದುರೆಯನ್ನು ನೋಡಿದರು, ಬಚ್ಚಲ ಬಾಗಿಲನ್ನು ನೋಡಿದರು.

"ಖರೇ ಅದ ನೋಡು," ಎಂದ ಹಿರಿಯ. "ಕುದುರಿಗಿಂತ ಇವರೇ ಮೊದಲ!"